ನೆಲಕ್ಕೆ ಬಿದ್ದ ಹೂವು, ಮುಡಿದು ಕೊಟ್ಟ ಹೂವು

1

ನಮ್ಮ ಧಾರ್ಮಿಕ ಮಾಸಪತ್ರಿಕೆಗಳಲ್ಲಿ, ಹಬ್ಬದ ಪುರವಣಿಗಳಲ್ಲಿ, ದೇವಸ್ಥಾನದ ಬಾಗಿಲಲ್ಲಿ ಮಾರುವ ಕಿರುಹೊತ್ತಗೆಗಳಲ್ಲಿ ಹೂವು ಪತ್ರೆಗಳ ಬಗ್ಗೆ ಬರೆಯುವ ಒಂದು ರೀತಿ ಗಟ್ಟಿಯಾಗಿ ನೆಲೆಗೊಂಡಿದೆ. ಶಿವನಿಗೆ ಬಿಲ್ವ, ವಿಷ್ಣುವಿಗೆ ತುಳಸಿ, ಗಣಪತಿಗೆ ಗರಿಕೆ, ದೇವಿಗೆ ಕೆಂಪು ದಾಸವಾಳ, ಹನುಮಂತನಿಗೆ ಎಕ್ಕ ಎಂದು ಮೊದಲು ಪಟ್ಟಿ ಕೊಡುವುದು. ಆಮೇಲೆ ಒಂದೊಂದಕ್ಕೂ ಒಂದು ‘ವೈಜ್ಞಾನಿಕ ಕಾರಣ’ವನ್ನು ಜೋಡಿಸುವುದು. ಅರಳಿಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ, ಆದ್ದರಿಂದಲೇ ಹಿರಿಯರು ಅದನ್ನು ಸುತ್ತು ಬಂದರು ಎಂಬುದು ಇಂಥ ವಾದಗಳಲ್ಲಿ ಬಹಳ ಚಲಾವಣೆಯಲ್ಲಿರುವುದು. ಬೆಳಕಿಲ್ಲದೆ ಯಾವ ಗಿಡವೂ ಆಮ್ಲಜನಕವನ್ನು ಹೊರಬಿಡಲಾರದೆಂಬುದು ಪ್ರೌಢಶಾಲೆಯ ಪಾಠ. ಅದು ಹಾಗಿರಲಿ. ಇಂಥ ಸಮರ್ಥನೆ ಒಂದು ವೇಳೆ ನಿಜವೇ ಆಗಿದ್ದರೂ ಅರಳಿಕಟ್ಟೆಯ ಮುಂದೆ ಕೈಮುಗಿದು ನಿಂತವಳ ಮನಸ್ಸಿನಲ್ಲಿ ಏನಿತ್ತೆಂಬುದು ಅದರಿಂದ ನಮಗೆ ತಿಳಿಯುವುದಿಲ್ಲ.

ಹಾಗೆಂದು ಪಟ್ಟಿಗಳನ್ನು ಹಗುರವಾಗಿ ಕಾಣಬಾರದು. ಗಣೇಶ ಚೌತಿಗೆ ಬೇಕಾದ 21 ಪತ್ರೆಗಳ ಪಟ್ಟಿಯನ್ನೇ ನೋಡಿ. ಗರಿಕೆ, ಬಿಲ್ವ, ಬನ್ನಿ, ಎಕ್ಕ, ಉಮ್ಮತ್ತಿ, ಉತ್ತರಾಣಿ ಇವೆಲ್ಲ ಅದರಲ್ಲಿ ಬರುತ್ತವೆ. ಉಳಿದ ದಿನ ಗಣಪತಿಗೆ ಸಲ್ಲದ ತುಳಸಿ ಆ ಒಂದು ದಿನ ಸಲ್ಲುತ್ತದೆ. ತೆಲುಗು ಸೀಮೆಯಲ್ಲಿ ಇದನ್ನು ‘ಪತ್ರಿ’ ಎನ್ನುತ್ತಾರೆ. ಪತ್ರಿ ತರಲು ಬೇಲಿ, ಹಳ್ಳ, ಗುಡ್ಡದ ಬುಡ ಅಲೆದ ಮಕ್ಕಳು ವರ್ಷಕ್ಕೊಮ್ಮೆಯಾದರೂ ತಮ್ಮೂರಿನ ಗಿಡಗಳ ಹೆಸರು ಕಲಿಯುತ್ತಿದ್ದರು. ಈಗ ಅದೇ ಪತ್ರಿ ಪೇಟೆಯಲ್ಲಿ ಕಟ್ಟಾಗಿ ಸಿಗುತ್ತದೆ. ಕಟ್ಟಿನಲ್ಲಿರುವುದು ಯಾವ ಎಲೆ ಎಂದು ಕೊಂಡವರೂ ಕೇಳುವುದಿಲ್ಲ, ಮಾರಿದವರೂ ಹೇಳುವುದಿಲ್ಲ.

ಪಟ್ಟಿಗೆ ಉತ್ತರಿಸಲಾಗದ ಪ್ರಶ್ನೆಯೊಂದಿದೆ. ಈ ಹೂವನ್ನು ಕೊಯ್ದವರು ಯಾರು? ಹೇಗೆ ಕೊಯ್ದರು? ಯಾರ ಕೈಯ ಹೂವು ಗರ್ಭಗುಡಿಯ ಒಳಗೆ ಹೋಗುತ್ತದೆ, ಯಾರ ಕೈಯದು ಹೊಸ್ತಿಲಿನಲ್ಲೇ ಉಳಿಯುತ್ತದೆ? ನಮ್ಮ ಕವಿಗಳೂ ಕತೆ ಹೇಳಿದ ಅಜ್ಜಿಯರೂ ಹೂವಿನ ವಿಷಯಕ್ಕೆ ಬಂದಾಗಲೆಲ್ಲ ಈ ಪ್ರಶ್ನೆಯ ಸುತ್ತಲೇ ಸುಳಿದಿದ್ದಾರೆಂದು ನನಗನ್ನಿಸುತ್ತದೆ. ಅದನ್ನು ಕೆಲವು ಕೃತಿಗಳ ಮೂಲಕ ನೋಡುವುದು ಈ ಬರಹದ ಉದ್ದೇಶ.

2

ನಾನು ಬೆಳುಗುಪ್ಪದ ಕಡೆಯವನು. ಅನಂತಪುರ ಜಿಲ್ಲೆಯ ಈ ಊರು ರಾಯದುರ್ಗ, ಮಡಕಶಿರಾಗಳ ಹಾಗೆ ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕೂತು ಮಾತಾಡುವ ಸೀಮೆ. ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದು ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು. ಗಡಿಯ ಕತೆಯಲ್ಲಿ ಎರಡೂ ಕಡೆಗೆ ಹೋಲಿಕೆಯಿದೆ. ಮಳೆಯ ಕತೆಯಲ್ಲಿ ಮಾತ್ರ ಇಲ್ಲ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸರಾಸರಿ 550 ಮಿಲಿಮೀಟರಿನಷ್ಟು ಮಳೆ; ಕಾಸರಗೋಡಿಗೆ ಸುಮಾರು 3500.

ಈ ಅಂಕಿ ಹೂವಿನ ವಿಚಾರಕ್ಕೆ ಹೊರಗಿನದಲ್ಲ. ಮಳೆ ಕಡಿಮೆಯಾದ ಕಡೆ ಹೂವು ತಾನಾಗಿ ಕೈಗೆ ಬರುವುದಿಲ್ಲ. ನಮ್ಮ ಕಡೆ ಯಾರೂ ನೀರೆರೆಯದೆ ಅರಳುವವು ತುಂಬೆ, ಎಕ್ಕ, ತಂಗಡಿ, ಉಮ್ಮತ್ತಿ. ಸಂಕ್ರಾಂತಿಗೆ ಸಗಣಿಯ ಗೊಬ್ಬೆಮ್ಮನ ತಲೆಯ ಮೇಲೆ ಸಿಕ್ಕಿಸುವುದು ಹಿತ್ತಲಿನ ಕುಂಬಳದ ಹೂವನ್ನು. ಶ್ರಾವಣದಲ್ಲಿ ಮುರಡಿ, ನೇಮಕಲ್ಲು, ಕಸಾಪುರಗಳ ಆಂಜನೇಯರನ್ನು ಒಂದೇ ದಿನದಲ್ಲಿ ನೋಡಿಬರಬೇಕೆಂದು ಹೊರಡುವ ಜನಕ್ಕೆ ಎಕ್ಕದ ಗಿಡ ದಾರಿಯುದ್ದಕ್ಕೂ ಸಿಗುತ್ತದೆ. ಮಲ್ಲಿಗೆ ಬೇಕಾದರೆ ಬಾವಿ ಬೇಕು, ಬಾವಿಯಿಂದ ಹೊರುವ ಕೊಡ ಬೇಕು, ಕೊಡ ಹೊರುವ ಹೆಣ್ಣು ಬೇಕು. ಇಂಥ ನೆಲದಲ್ಲಿ ಹೂವೆಂದರೆ ಮೊದಲು ಒಂದು ದುಡಿಮೆ. ಸೊಗಸು, ಸಂಕೇತ, ಪುಣ್ಯ ಎಲ್ಲವೂ ಅದರ ಮೇಲೆ ನಿಂತ ಮಾತುಗಳು.

ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಹೂವಿನಹಡಗಲಿ ಎಂಬ ಊರಿದೆ. ಅಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಆ ಹೆಸರು ಬಂತು ಎಂದು ಜನ ಹೇಳುತ್ತಾರೆ. ಹೆಸರಿನ ವ್ಯುತ್ಪತ್ತಿಯನ್ನು ವಿದ್ವಾಂಸರು ನೋಡಿಕೊಳ್ಳಲಿ. ದೇವರ ಮುಡಿಯ ಹೂವು ಎಲ್ಲೋ ಬೆಳೆದು, ಯಾರೋ ಕೊಯ್ದು, ಯಾರೋ ಹುಟ್ಟುಹಾಕಿ ತಂದದ್ದು ಎಂಬ ನೆನಪನ್ನು ಈ ಕತೆ ಇಟ್ಟುಕೊಂಡಿದೆಯಲ್ಲ, ನನಗೆ ಅಷ್ಟು ಸಾಕು. ಹಡಗಲಿಯ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನಿಮ್ಮ ಕಡೆಗೆ ಹತ್ತಿರದ ಉಡುಪಿ ಮಲ್ಲಿಗೆಗೂ ಸಿಕ್ಕಿದೆ. ಶಂಕರಪುರದ ಸುತ್ತ ಅದನ್ನು ಬೆಳೆಯುವವರಲ್ಲಿ ಕ್ರೈಸ್ತ ಮನೆತನಗಳೂ ಇವೆ. ಆ ಹೂವು ಕೋಲದ ದೈವಕ್ಕೂ ನಾಗನಿಗೂ ಏರುತ್ತದೆ. ಹೂವು ಬೆಳೆದ ಕೈ ಯಾವುದೆಂದು ದೈವ ಕೇಳಿದಂತಿಲ್ಲ.

3

ಹಂಪಿಯ ಹರಿಹರ ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಆರಂಭದ ಕವಿ. ಹೊಯ್ಸಳರ ದೋರಸಮುದ್ರದಲ್ಲಿ ಲೆಕ್ಕ ಬರೆಯುತ್ತಿದ್ದವನು ಅದನ್ನು ಬಿಟ್ಟು ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪರಂಪರೆ ಹೇಳುತ್ತದೆ. ಶರಣರ ಕತೆಗಳನ್ನು ರಗಳೆಯ ಓಟದಲ್ಲಿ ಬರೆದು ಕನ್ನಡ ಕಾವ್ಯದ ದಿಕ್ಕನ್ನು ಬದಲಿಸಿದ ಈತ ‘ಪುಷ್ಪರಗಳೆ’ ಎಂಬ ಒಂದು ಸಣ್ಣ ಕೃತಿಯನ್ನೂ ಬರೆದಿದ್ದಾನೆ. ನಸುಕಿನಲ್ಲಿ ಎದ್ದು, ಹೂಬುಟ್ಟಿ ಹಿಡಿದು ತೋಟಕ್ಕೆ ಹೋಗಿ, ಗಿಡಬಳ್ಳಿಗಳನ್ನು ಮಾತಾಡಿಸಿ, ಹೂ ಕೊಯ್ದು, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಏರಿಸುವವರೆಗಿನ ಒಂದು ಬೆಳಗು, ಅಷ್ಟೇ ಅದರ ವಸ್ತು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಸಾಮಾನ್ಯವಾಗಿ ಎರಡು ಮೂರು ವಾಕ್ಯ: ಭಕ್ತಿಯ ಆವೇಶವಿದೆ, ಹೂಗಳ ಹೆಸರಿನ ಸುರಿಮಳೆಯಿದೆ ಎಂದು.

ಹೆಸರಿನ ಸುರಿಮಳೆ ಇರುವುದು ನಿಜ. ಆದರೆ ಇದೂ ಒಂದು ಪಟ್ಟಿಯೆಂದು ಓದಿದರೆ ಕವಿಗೆ ಅನ್ಯಾಯವಾಗುತ್ತದೆ. ಪೂಜಾವಿಧಿಯ ಪಟ್ಟಿಯಲ್ಲಿ ಹೂವು ಆಗಲೇ ಕೊಯ್ದು ಹರಿವಾಣಕ್ಕೆ ಬಂದಿರುತ್ತದೆ. ಹರಿಹರನಲ್ಲಿ ಹೂವು ಇನ್ನೂ ಗಿಡದ ಮೇಲಿದೆ. ಕೊಯ್ಯಲು ಬಂದವನು ಅದರ ಜೊತೆ ಮಾತಾಡಬೇಕು, ಅದನ್ನು ಒಲಿಸಿಕೊಳ್ಳಬೇಕು. ಪೂಜೆ ಶುರುವಾಗುವುದು ಗುಡಿಯ ಗಂಟೆಯಿಂದಲ್ಲ, ತೋಟದಲ್ಲಿ ಗಿಡದ ಮುಂದೆ ಬಾಗಿದ ಗಳಿಗೆಯಿಂದ. ಅರಸನ ಆಸ್ಥಾನದಲ್ಲಿ ಲೆಕ್ಕ ಬರೆದ ಬೆರಳು ಇಲ್ಲಿ ಬೇರೆ ಕೆಲಸ ಕಲಿಯುತ್ತಿದೆ. ಹೊಸ ಕೆಲಸ ಕಲಿತವನ ಉತ್ಸಾಹ, ಅದರ ಅತಿ, ಅದರ ಮುಗ್ಧತೆ ಎಲ್ಲವೂ ಆ ರಗಳೆಯ ಲಯದಲ್ಲಿವೆ. ಭಕ್ತಿಯನ್ನು ತತ್ವವಾಗಿ ಹೇಳಿದ ಕವಿಗಳು ನಮ್ಮಲ್ಲಿ ಅನೇಕರಿದ್ದಾರೆ. ಭಕ್ತಿಯನ್ನು ದಿನನಿತ್ಯದ ಕೈಗೆಲಸವಾಗಿ ಬರೆದವರು ಕಡಿಮೆ. ಕಾಯಕದ ಮಾತನ್ನು ವಚನಕಾರರು ಮುಂದಿಟ್ಟ ಶತಮಾನದ ಬೆನ್ನಿಗೇ ಈ ಕೃತಿ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆದರೆ ಅದೇ ವಚನ ಪರಂಪರೆಯಲ್ಲಿ ಹೂವಿನ ಪೂಜೆಗೆ ಗಟ್ಟಿಯಾದ ಒಂದು ಆಕ್ಷೇಪವೂ ಇದೆ. ಬಸವಣ್ಣನವರ ಒಂದು ವಚನದ ತರ್ಕ ಹೀಗೆ: ಹಾಲನ್ನು ಕರು ಮೊದಲೇ ಕುಡಿದಿದೆ, ನೀರಿನಲ್ಲಿ ಮೀನು ಆಡಿದೆ, ಹೂವಿನ ಮೇಲೆ ದುಂಬಿ ಕೂತಿದೆ, ಎಂಜಲಾಗದ ವಸ್ತುವೇ ಇಲ್ಲದ ಲೋಕದಲ್ಲಿ ಏನಿಟ್ಟು ಪೂಜಿಸುವುದು? ಉತ್ತರದಲ್ಲಿ ಚಮ್ಮಾರಿಕೆಯ ಸಂತ ರವಿದಾಸರ ಹೆಸರಿನ ಪದವೊಂದರಲ್ಲಿಯೂ ಇದೇ ಮಾತು ಬರುತ್ತದೆ. ಇದನ್ನು ಪೂಜೆಯ ನಿರಾಕರಣೆಯೆಂದಷ್ಟೇ ಓದುವುದು ರೂಢಿ. ಅದರ ಇನ್ನೊಂದು ಮುಖವನ್ನೂ ನೋಡಬೇಕು. ಎಂಜಲಾಗದ್ದು ಯಾವುದೂ ಇಲ್ಲವೆಂದ ಮೇಲೆ, ಒಬ್ಬರ ಕೈಯ ಹೂವು ಮಡಿ, ಇನ್ನೊಬ್ಬರ ಕೈಯದು ಮೈಲಿಗೆ ಎಂಬ ಮಾತಿಗೆ ಆಧಾರವೇ ಉಳಿಯುವುದಿಲ್ಲ. ಕರುವಿನ, ಮೀನಿನ, ದುಂಬಿಯ ಬಾಯಿಯನ್ನು ಸಹಿಸಿಕೊಂಡ ದೇವರು ಮನುಷ್ಯನ ಕೈಯನ್ನೇಕೆ ಸಹಿಸಲಾರ?

4

ಪೂಜಾವಿಧಿಗಳಲ್ಲಿ ಸಲ್ಲದ ಹೂಗಳ ಪಟ್ಟಿಯೂ ಇದೆ. ಮೂಸಿದ್ದು ಸಲ್ಲದು, ಮುಡಿದದ್ದು ಸಲ್ಲದು, ಬಾಡಿದ್ದು ಸಲ್ಲದು, ನೆಲಕ್ಕೆ ಬಿದ್ದದ್ದು ಸಲ್ಲದು. ಬ್ರಹ್ಮನ ಸುಳ್ಳಿಗೆ ಸಾಕ್ಷಿ ನುಡಿದ ಕೇದಗೆ ಶಿವನಿಗೆ ಸಲ್ಲದು. ವಿಚಿತ್ರವೆಂದರೆ, ದಕ್ಷಿಣದ ಕಾವ್ಯಗಳೂ ಕತೆಗಳೂ ಎತ್ತಿಕೊಂಡದ್ದು ಹೆಚ್ಚಾಗಿ ಈ ಸಲ್ಲದ ಹೂಗಳನ್ನೇ.

ಕಾಳಹಸ್ತಿಯ ಬೇಡ ಕಣ್ಣಪ್ಪನ ಕತೆ ಎಲ್ಲರಿಗೂ ಗೊತ್ತು. ಹರಿಹರ ಅದನ್ನು ರಗಳೆಯಾಗಿ ಬರೆದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವಾಗಿ ಬಂದು ಅದು ನಮ್ಮ ಹಳ್ಳಿಗಳ ಟೆಂಟುಗಳವರೆಗೂ ತಲುಪಿತು. ಕಣ್ಣು ಕಿತ್ತು ಕೊಟ್ಟ ಕೊನೆಯ ಘಟನೆ ನಮ್ಮ ಮನಸ್ಸನ್ನು ತುಂಬಿಕೊಳ್ಳುವುದರಿಂದ ಮೊದಲಿನ ಒಂದು ವಿವರ ಹಿಂದಕ್ಕೆ ಸರಿಯುತ್ತದೆ. ಬೇಡನ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಮಾಂಸ; ನೀರನ್ನು ಬಾಯಲ್ಲಿ ತರಬೇಕು, ಹೂವನ್ನು ತಲೆಗೂದಲಿನಲ್ಲಿ ಸಿಕ್ಕಿಸಿಕೊಂಡು ತರಬೇಕು. ಅವನು ವಿಧಿಯನ್ನು ಧಿಕ್ಕರಿಸಲು ಹೀಗೆ ಮಾಡಿದವನಲ್ಲ. ಬೇಟೆಗಾರನ ಮೈಗೆ ಗೊತ್ತಿರುವ ದಾರಿ ಅದೊಂದೇ. ಮರುದಿನ ಬಂದ ಅರ್ಚಕನಿಗೆ ಕಂಡದ್ದು ಬರೀ ಮೈಲಿಗೆ.

ಶ್ರೀವಿಲ್ಲಿಪುತ್ತೂರಿನ ಆಂಡಾಳ್ ದೇವರಿಗೆಂದು ತಂದೆ ಕಟ್ಟಿದ ಮಾಲೆಯನ್ನು ತಾನು ಮೊದಲು ಮುಡಿದು ನೋಡಿ ಆಮೇಲೆ ಕೊಟ್ಟವಳು. ಇವಳ ಕತೆಯನ್ನು ಕಾವ್ಯವಾಗಿ ಬರೆದವನು ತೆಲುಗಿನಲ್ಲಿ ಕೃಷ್ಣದೇವರಾಯ, 1509ರಿಂದ 1529ರವರೆಗೆ ವಿಜಯನಗರವನ್ನು ಆಳಿದವನು. ‘ಆಮುಕ್ತಮಾಲ್ಯದ’ ಎಂದರೆ ಮುಡಿದ ಮಾಲೆಯನ್ನು ಕೊಟ್ಟವಳು. ಒಬ್ಬ ಚಕ್ರವರ್ತಿ ತನ್ನ ಕಾವ್ಯಕ್ಕೆ ಇಟ್ಟ ಹೆಸರು ಪೂಜಾವಿಧಿಯ ಒಂದು ತಪ್ಪಿನ ಹೆಸರು ಎಂಬುದನ್ನು ಗಮನಿಸಬೇಕು. ಹಂಪಿಯ ನೆಲ ಮೂರು ಶತಮಾನಗಳ ಅಂತರದಲ್ಲಿ ಎರಡು ಭಾಷೆಗಳಲ್ಲಿ ಎರಡು ಹೂವಿನ ಕೃತಿಗಳನ್ನು ಕೊಟ್ಟಿತು. ಕನ್ನಡದವರು ಒಂದನ್ನೂ ತೆಲುಗಿನವರು ಇನ್ನೊಂದನ್ನೂ ಪಾಠ ಹೇಳುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕಾದವರು ನಮ್ಮಂಥ ಗಡಿಯವರು. ಹಾಗೆ ಓದಿದಾಗ ವ್ಯತ್ಯಾಸವೂ ಕಾಣುತ್ತದೆ. ಹರಿಹರನ ಭಕ್ತ ಹೂವಿನ ಮುಂದೆ ತನ್ನನ್ನು ಮರೆಯುತ್ತಾನೆ. ಆಂಡಾಳ್ ಮರೆಯುವುದಿಲ್ಲ. ತನ್ನ ಮುಡಿಗೆ ಒಪ್ಪಿದ ಹೂವೇ ಅವನ ಮುಡಿಗೂ ಒಪ್ಪಬೇಕು ಎಂಬ ಹಟ ಅವಳದು.

5

ಕೊಯ್ಯುವ ಕೈಯ ಪ್ರಶ್ನೆಯನ್ನು ಎಲ್ಲರಿಗಿಂತ ನಿಷ್ಠುರವಾಗಿ ಕೇಳಿದ್ದು ಹರಿಹರನೂ ಅಲ್ಲ, ರಾಯನೂ ಅಲ್ಲ. ಅದು ಹೆಂಗಸರ ಬಾಯಲ್ಲಿ ಉಳಿದುಬಂದ ಒಂದು ಕನ್ನಡ ಜನಪದ ಕತೆ. ಎ.ಕೆ. ರಾಮಾನುಜನ್ ಇದನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅವರು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1997ರಲ್ಲಿ, ಈ ಕತೆಯ ಹೆಸರನ್ನೇ ಹೊತ್ತ ಸಂಕಲನ ಪ್ರಕಟವಾಯಿತು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದ್ದು ಇದನ್ನು ಆಧರಿಸಿಯೇ. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದರಿಂದ ಒಂದು ಒಪೆರಾ ಕಟ್ಟಿ ವಿಯೆನ್ನಾದಲ್ಲಿ ಆಡಿಸಿದರು.

ಬಡ ಮುದುಕಿಯ ಕಿರಿಯ ಮಗಳಿಗೆ ಹೂವಿನ ಮರವಾಗುವ ಶಕ್ತಿಯಿದೆ. ಅಕ್ಕ ಒಂದು ಕೊಡ ನೀರು ಸುರಿದರೆ ಅವಳು ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂವು ಕೊಯ್ಯುವಾಗ ಟೊಂಗೆ ಮುರಿಯಬಾರದು, ಎಲೆ ಹರಿಯಬಾರದು. ಅವ್ವನ ಕಷ್ಟ ನೋಡಲಾರದೆ ಅಕ್ಕತಂಗಿಯರು ಈ ಹೂವನ್ನು ಅರಮನೆಗೆ ಮಾರುತ್ತಾರೆ. ರಾಜಕುಮಾರ ಗುಟ್ಟು ತಿಳಿದು ಅವಳನ್ನು ಮದುವೆಯಾಗುತ್ತಾನೆ. ಮುಂದೆ ನಾದಿನಿ ಗೆಳತಿಯರ ಜೊತೆ ಅವಳನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ದು, ಮರವಾಗೆಂದು ಒತ್ತಾಯಿಸಿ, ಕೈಗೆ ಸಿಕ್ಕಂತೆ ಟೊಂಗೆ ಮುರಿದು ಹೂವು ಕೀಳುತ್ತಾಳೆ. ಎರಡನೆಯ ಕೊಡದ ನೀರನ್ನೂ ನೆಟ್ಟಗೆ ಹಾಕುವುದಿಲ್ಲ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಬಿದ್ದಿರುತ್ತಾಳೆ. ಕೊನೆಗೆ ಅವಳು ಮತ್ತೊಮ್ಮೆ ಮರವಾದಾಗ ಗಂಡ ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿ ಕಟ್ಟಿ ನೀರು ಹಾಕುತ್ತಾನೆ.

ಪರಿಸರದ ಕತೆಯೆಂದು ಇದನ್ನು ಓದುವವರಿದ್ದಾರೆ, ತಪ್ಪೇನಿಲ್ಲ. ಆದರೆ ಕತೆಯ ಒಳಗಿನ ಗಣಿತ ಇನ್ನೂ ಸೂಕ್ಷ್ಮವಾದದ್ದು. ಅಕ್ಕ ಹೂ ಕೊಯ್ದದ್ದು ಅಗತ್ಯಕ್ಕೆ, ನಾದಿನಿ ಕೊಯ್ದದ್ದು ಮೋಜಿಗೆ. ಗಂಡನೂ ನಿರಪರಾಧಿಯಲ್ಲ, ಮೊದಲ ರಾತ್ರಿಗಳಲ್ಲಿ ಅವನೂ ಅವಳನ್ನು ಮರವಾಗೆಂದು ಕಾಡಿದವನೇ. ಹೂವು ಕೊಡುವವಳ ಮೈ ಅದರ ಹಿಂದೆ ಇದೆ ಎಂಬುದನ್ನು ತಿಳಿದ ಕೈ ಯಾವುದು, ತಿಳಿಯದ ಕೈ ಯಾವುದು ಎಂಬುದೇ ಕತೆಯ ವಿಚಾರಣೆ. ಕತೆಯಲ್ಲಿ ಯಾವ ದೇವರ ಪಟ್ಟಿಯೂ ಬರುವುದಿಲ್ಲ. ಆದರೂ ಹರಿಹರ ತೋಟದಲ್ಲಿ ಕಲಿತ ಮೃದುತ್ವ ಇಲ್ಲಿ ಒಂದು ನಿಯಮವಾಗಿ, ಮುರಿದರೆ ಪ್ರಾಣಕ್ಕೇ ಮುಟ್ಟುವ ನಿಯಮವಾಗಿ ನಿಂತಿದೆ.

6

ಇಲ್ಲಿಂದ ಮಲಯಾಳದ ಕುಮಾರನ್ ಆಶಾನರ ಕಡೆಗೆ ಹೋಗುವುದು ದೂರದ ಹಾರಾಟವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆಶಾನರು ಮೈಸೂರು ಸರಕಾರದ ವೈದ್ಯರಾಗಿದ್ದ ಡಾ. ಪಲ್ಪು ಅವರ ಆಶ್ರಯದಲ್ಲಿ ಬೆಂಗಳೂರಿನಲ್ಲಿದ್ದು ಸಂಸ್ಕೃತ ಓದಿದವರು. ಅವರ ‘ವೀಣಪೂವು’, ಅಂದರೆ ಬಿದ್ದ ಹೂವು, 41 ಶ್ಲೋಕಗಳ ಕಾವ್ಯ. ಅದು 1907ರಲ್ಲಿ ಮೊದಲು ಅಚ್ಚಾದದ್ದು ತಲಶ್ಶೇರಿಯ ‘ಮಿತವಾದಿ’ಯಲ್ಲಿ, ನಿಮ್ಮ ಉತ್ತರ ಮಲಬಾರಿನಲ್ಲೇ. ಗಿಡದಿಂದ ಉದುರಿ ಮಣ್ಣಿನಲ್ಲಿ ಬಿದ್ದ ಒಂದು ಹೂವನ್ನು ನೋಡುತ್ತ ಕವಿ ಅದರ ಬಾಲ್ಯ, ಯೌವನ, ಪ್ರೇಮ, ಸಾವುಗಳನ್ನು ಒಬ್ಬ ಹೆಣ್ಣಿನ ಬಾಳಿನಂತೆ ನೆನೆಯುತ್ತಾರೆ. ಮಲಯಾಳದ ವಿಮರ್ಶೆ ಇದನ್ನು ಭಾವಗೀತೆಯ ಹೊಸ ಯುಗದ ಆರಂಭವೆಂದು ಗುರುತಿಸಿದೆ; ಪಾಶ್ಚಾತ್ಯ ರೊಮ್ಯಾಂಟಿಕ್ ಪ್ರಭಾವವನ್ನೂ ಬೌದ್ಧ ಅನಿತ್ಯತೆಯನ್ನೂ ಚರ್ಚಿಸಿದೆ.

ನಾನು ಕೇಳುವುದು ಸರಳವಾದ ಪ್ರಶ್ನೆ: ನೆಲಕ್ಕೆ ಬಿದ್ದ ಹೂವೇ ಏಕೆ? ನೆಲಕ್ಕೆ ಬಿದ್ದದ್ದು ಪೂಜೆಗೆ ಬರುವುದಿಲ್ಲ. ಅದನ್ನು ದೇವರೂ ಮುಟ್ಟುವುದಿಲ್ಲ, ಮುಡಿಯುವವರೂ ಮುಟ್ಟುವುದಿಲ್ಲ. ಆಶಾನರು ಈಳವ ಸಮಾಜದವರು, ನಾರಾಯಣ ಗುರುಗಳ ಶಿಷ್ಯರು. ತಿರುವಾಂಕೂರಿನ ದೇವಾಲಯ ಪ್ರವೇಶದ ಘೋಷಣೆ ಬಂದದ್ದು 1936ರಲ್ಲಿ. ಆಶಾನರು 1924ರ ಜನವರಿಯಲ್ಲೇ ದೋಣಿ ಮುಳುಗಿ ತೀರಿಕೊಂಡಿದ್ದರು. ಅವರ ಬದುಕಿರುವವರೆಗೆ ಅವರ ಸಮಾಜದ ಕೈಯ ಹೂವು ದೊಡ್ಡ ದೇವಸ್ಥಾನಗಳ ಒಳಗೆ ಹೋಗುವಂತಿರಲಿಲ್ಲ. ಕಾವ್ಯದಲ್ಲಿ ಜಾತಿಯ ಮಾತಿಲ್ಲ, ಅದನ್ನು ಬಲವಂತವಾಗಿ ತುರುಕಬೇಕಾಗಿಯೂ ಇಲ್ಲ. ಆದರೂ ಯಾವ ಹರಿವಾಣಕ್ಕೂ ಸಲ್ಲದ ಒಂದು ಹೂವಿನ ಮುಂದೆ ಕವಿ 41 ಶ್ಲೋಕಗಳಷ್ಟು ಹೊತ್ತು ನಿಲ್ಲುತ್ತಾರೆ. ದೇವರಿಗೆ ಸಲ್ಲುವ ಗೌರವ ಅಷ್ಟು ಹೊತ್ತು ಹೂವಿಗೇ ಸಲ್ಲುತ್ತದೆ.

ವಿಧಿಗೂ ತನ್ನ ವಿನಾಯಿತಿಗಳಿವೆ. ಪಾರಿಜಾತವನ್ನು ಮರದಿಂದ ಕೊಯ್ಯುವುದಿಲ್ಲ, ನೆಲದಿಂದಲೇ ಆಯುತ್ತಾರೆ. ರೆಂಜೆಯೂ ಹಾಗೆಯೇ. ಕಾಸರಗೋಡಿನ ದಕ್ಷಿಣದ ಊರುಗಳಲ್ಲಿ ಮೀನಮಾಸದ ಪೂರಂ ಹಬ್ಬಕ್ಕೆ ಹುಡುಗಿಯರು ಹೂವಿನಿಂದಲೇ ಕಾಮನನ್ನು ಮಾಡಿ, ನೀರೆರೆದು, ಕೊನೆಯ ದಿನ ಬೀಳ್ಕೊಡುತ್ತಾರೆ. ಆ ಹೂವುಗಳಲ್ಲಿ ಸಂಪಿಗೆಯ ಜೊತೆ ಎರಿಞ್ಞಿಯೂ ಇರುತ್ತದೆ, ಅದೇ ನಮ್ಮ ರೆಂಜೆ. ಇಲ್ಲಿ ಹೂವು ಅರ್ಪಿಸುವ ವಸ್ತುವೂ ಹೌದು, ದೇವರೂ ಹೌದು. ಮನೆಯ ಹುಡುಗಿಯರೇ ಪೂಜಾರಿಗಳು. ಆಶಾನರ ಕಾವ್ಯವನ್ನು ಓದುವವರು ಅದೇ ಉತ್ತರ ಮಲಬಾರಿನ ಈ ಹಬ್ಬವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

7

ಪರಂಪರೆಯ ಉದಾರತೆಯನ್ನೇ ಹೇಳಿ ಮುಗಿಸಿದರೆ ಅದು ಅರ್ಧಸತ್ಯವಾಗುತ್ತದೆ. ಮುಡಿದು ಕೊಟ್ಟ ಆಂಡಾಳನ್ನು ದೇವಿಯೆಂದು ಒಪ್ಪಿಕೊಂಡ ಸಮಾಜವೇ ಗಂಡ ಸತ್ತ ಹೆಣ್ಣಿನ ತಲೆಯಿಂದ ಹೂವನ್ನು ಕಿತ್ತಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ಬಾಲವಿಧವೆ ಮಲೆನಾಡಿನ ಹೂವಿನ ಸಮೃದ್ಧಿಯ ನಡುವೆಯೇ ಬದುಕಿ ಮುದುಕಿಯಾದವಳು. ಪ್ರೇಮಾ ಕಾರಂತರ 1983ರ ಚಿತ್ರವನ್ನು ನೋಡಿದವರಿಗೆ ಆ ಬೋಳುತಲೆ ಮರೆಯುವಂಥದಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯಿದ್ದಳು. ಸಂಜೆ ಜಗಲಿಯ ಮೇಲೆ ಕೂತು ಬಾಳೆಯ ನಾರಿನಲ್ಲಿ ಮೊಗ್ಗು ಕಟ್ಟುವುದು ಅವಳ ಕೆಲಸ. ಗುಡಿಗೆ ಒಂದು ಮಾಲೆ, ಉಳಿದದ್ದು ಓಣಿಯ ಸೊಸೆಯಂದಿರಿಗೆ. ಅವಳ ಕಟ್ಟು ಎಷ್ಟು ಒತ್ತಾಗಿ, ಸಮವಾಗಿ ಇರುತ್ತಿತ್ತೆಂದು ಹೆಂಗಸರು ಈಗಲೂ ನೆನೆಯುತ್ತಾರೆ. ಒಮ್ಮೆ ಹುಡುಗಿಯೊಬ್ಬಳು ಆಟಕ್ಕೆ ಒಂದು ತುಂಡು ಮಾಲೆಯನ್ನು ಅವಳ ತಲೆಯ ಮೇಲೆ ಇಟ್ಟುಬಿಟ್ಟಳು. ಅಜ್ಜಿ ಬೈಯಲಿಲ್ಲ. ಮಾಲೆಯನ್ನು ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು, ಮೂಸದೆ, ಪಕ್ಕಕ್ಕೆ ಇಟ್ಟಳು. ಆ ತುಂಡು ಗುಡಿಗೂ ಹೋಗಲಿಲ್ಲ, ಯಾರ ಮುಡಿಗೂ ಏರಲಿಲ್ಲ.

ಕಣ್ಣಪ್ಪನ ಕೂದಲಿನ ಹೂವನ್ನು ಕಾವ್ಯ ದೇವರಿಗೆ ತಲುಪಿಸಿತು. ಆಂಡಾಳ್ ಮುಡಿದದ್ದನ್ನು ತಲುಪಿಸಿತು. ಅಜ್ಜಿಯ ತಲೆ ಮುಟ್ಟಿದ ಆ ಗೇಣುದ್ದ ಮಾಲೆಗೆ ಮಾತ್ರ ನಮ್ಮ ಓಣಿಯಲ್ಲಿ ಹೋಗಲು ಜಾಗವಿರಲಿಲ್ಲ. ಹೂವು ಪತ್ರೆಗಳ ಮಹತ್ವವನ್ನು ಬರೆಯುವವರು ಯಾವ ದೇವರಿಗೆ ಯಾವ ಹೂವು ಎಂಬ ಪಟ್ಟಿಯ ಜೊತೆಗೆ ಯಾರಿಂದ ಯಾವ ಹೂವನ್ನು ಕಿತ್ತುಕೊಂಡೆವು ಎಂಬುದನ್ನೂ ಬರೆಯಬೇಕು. ಆಗ ಮಾತ್ರ ಕಣ್ಣಪ್ಪನನ್ನೂ ಆಂಡಾಳನ್ನೂ ಹೊಗಳುವ ಹಕ್ಕು ನಮಗಿರುತ್ತದೆ.

ತುಂಬೆ ನಮ್ಮ ಕಡೆಯೂ ಅರಳುತ್ತದೆ, ನಿಮ್ಮ ಕಡೆಯೂ ಅರಳುತ್ತದೆ. ತೆಲುಗಿನಲ್ಲಿ ಅದು ತುಮ್ಮಿ, ಮಲಯಾಳದಲ್ಲಿ ತುಂಬ. ಇಲ್ಲಿ ಅದು ಶಿವನಿಗೆ ಏರುತ್ತದೆ, ಅಲ್ಲಿ ಓಣಂ ಹೂಗಳದ ನಡುವೆ ಕೂರುತ್ತದೆ. ಅದನ್ನು ಯಾರೂ ಬೆಳೆಯುವುದಿಲ್ಲ, ಯಾರೂ ಮಾರುವುದಿಲ್ಲ. ಕೊಯ್ಯಲು ಮಾತ್ರ ನೆಲದವರೆಗೆ ಬಾಗಬೇಕು.